ಹುಣಸಗಿ ಕಣಿವೆಯ ಪಿಎಚ್‌.ಡಿ.: ಯಾದಗಿರಿ ಜಿಲ್ಲೆಯ ಸಂಶೋಧನಾರ್ಥಿಗೊಂದು ಕೈಪಿಡಿ

1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧನಾ ವಿದ್ಯಾರ್ಥಿಯೊಬ್ಬರು ಪಿಎಚ್‌.ಡಿ. ವಿಷಯ ಹಿಡಿದು ಸುರಪುರ ಸೀಮೆಗೆ ಬಂದರು. ಹೆಸರು ಕೆ. ಪದ್ದಯ್ಯ. ಕೃಷ್ಣಾ, ಭೀಮಾ ನದಿಗಳ ನಡುವಿನ ಈ ನೆಲದಲ್ಲಿ ನವಶಿಲಾಯುಗದ ಜನ ಎಲ್ಲೆಲ್ಲಿ ನೆಲೆಸಿದ್ದರು, ಹೇಗೆ ಬದುಕಿದ್ದರು ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಅಧ್ಯಯನ 1973ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ಬ್ರಿಲ್ ಪ್ರಕಾಶನದಿಂದ ಪುಸ್ತಕವಾಗಿ ಹೊರಬಂತು. ಪದವಿ ಸಿಕ್ಕಿತೆಂದು ಅವರು ಊರು ಬಿಡಲಿಲ್ಲ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಟ್ಟಲೆ ಓಡಾಡಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ದೊಡ್ಡದು. ಆದಿಮಾನವರು ಸುಣ್ಣಕಲ್ಲಿನ ಹಾಸುಗಳಿಂದ ಕೈಕೊಡಲಿಗಳನ್ನು ಕೆತ್ತುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಕಾಲನಿರ್ಣಯ ಮಾಡಿದಾಗ ಸುಮಾರು 12 ಲಕ್ಷ ವರ್ಷ ಎಂದು ಬಂತು. 2002ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾದ ಮೇಲೆ ಭಾರತದ ಪ್ರಾಗಿತಿಹಾಸದ ಯಾವ ಚರ್ಚೆಯೂ ಹುಣಸಗಿಯ ಹೆಸರು ಬಿಟ್ಟು ಮುಂದೆ ಹೋಗುವುದಿಲ್ಲ. 2012ರಲ್ಲಿ ಪದ್ದಯ್ಯನವರಿಗೆ ಪದ್ಮಶ್ರೀ ಬಂತು.

ಹಾಗೆ ಬಂದವರು ಇನ್ನೂ ಇದ್ದಾರೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿರುವ ಬೃಹತ್ ಶಿಲಾ ನೆಲೆಯನ್ನು ಸುರಪುರದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ದಾಖಲಿಸಿದ್ದ. ಆ ಸಾಲುಗಳು ಸೂರ್ಯನ ಉತ್ತರಾಯಣ, ದಕ್ಷಿಣಾಯನದ ಉದಯಾಸ್ತಗಳ ದಿಕ್ಕಿಗೆ ಹೊಂದುತ್ತವೆಯೇ ಎಂದು ಅಳೆದು ನೋಡಿದವರು ಬೆಂಗಳೂರಿನ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನರ ಚರ್ಮರೋಗಕ್ಕೆ ನೀರಿನಲ್ಲಿನ ಆರ್ಸೆನಿಕ್ ಕಾರಣ ಎಂದು ಸಾಬೀತುಪಡಿಸಿ, ಅದಕ್ಕೂ ಮಂಗಳೂರು ಎಂಬ ಹಳ್ಳಿಯ ಸುತ್ತಿನ ಹಳೆಯ ಚಿನ್ನದ ಗಣಿ ಪ್ರದೇಶಕ್ಕೂ ಇರುವ ನಂಟನ್ನು 2013ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದದ್ದು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿಯವರ ತಂಡ.

ಪುಣೆ, ಬೆಂಗಳೂರು, ಕೋಲ್ಕತ್ತ. ಇಲ್ಲಿ ಹುಟ್ಟಿದ ಎಂ.ಎ., ಎಂ.ಎಸ್ಸಿ. ಪದವೀಧರರನ್ನು ಪಿಎಚ್‌.ಡಿ. ವಿಷಯ ಕೇಳಿದರೆ ಮಾತ್ರ ‘ನಮ್ಮ ಕಡೆ ಏನೈತ್ರಿ ಸರ್’ ಎಂಬ ಉತ್ತರ ಸುಲಭವಾಗಿ ಬರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ, ಶೇ. 51.83 ಸಾಕ್ಷರತೆ ತೋರಿಸಿದ ಜಿಲ್ಲೆ ಯಾದಗಿರಿ. ಮನೆಗೆ ಮೊದಲ ಪದವೀಧರರಾದವರಿಗೆ ಸಂಶೋಧನೆಯ ದಾರಿ ತೋರಿಸುವ ಅಣ್ಣನೋ ಅಕ್ಕನೋ ಮನೆಯಲ್ಲಿ ಇರುವುದು ಅಪರೂಪ. ವಿಷಯಕ್ಕಂತೂ ಇಲ್ಲಿ ಬರವಿಲ್ಲ. ಗೊತ್ತಿಲ್ಲದಿರುವುದು ನಿಯಮ, ಹಣ, ವೇಳೆಯ ಲೆಕ್ಕ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ.

ಯಾವ ವಿಶ್ವವಿದ್ಯಾಲಯ, ಯಾವ ಪರೀಕ್ಷೆ

ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ರಾಯಚೂರು ವಿಶ್ವವಿದ್ಯಾಲಯ ಪ್ರತ್ಯೇಕವಾದ ಮೇಲೆ ರಾಯಚೂರು, ಯಾದಗಿರಿ ಎರಡೂ ಜಿಲ್ಲೆಗಳು ಅದಕ್ಕೆ ಸೇರಿದವು. ಪಿಎಚ್‌.ಡಿ.ಗೆ ಮಾತ್ರ ಈ ಗಡಿ ಅಡ್ಡಬರುವುದಿಲ್ಲ. ಅಭ್ಯರ್ಥಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಕಲಬುರಗಿಯ ಹತ್ತಿರ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕನ್ನಡ, ಇತಿಹಾಸ, ಜಾನಪದದವರಿಗೆ 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಅದು ಹುಟ್ಟಿದ್ದೇ ಸಂಶೋಧನೆಗಾಗಿ. ಕೃಷಿಯವರಿಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದೆ, ಅದರದ್ದೇ ಒಂದು ಕಾಲೇಜು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿದೆ.

ಎಲ್ಲಿಗೇ ಹೋದರೂ ಮೂಲ ನಿಯಮ ಒಂದೇ: ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿ. (ಕೃಷಿ ವಿಶ್ವವಿದ್ಯಾಲಯಗಳ ಪ್ರವೇಶ ಪದ್ಧತಿ ಬೇರೆ, ಅದನ್ನು ಇಲ್ಲಿ ಬೆರೆಸುವುದು ಬೇಡ.) ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5 ವಿನಾಯಿತಿ. ನಾಲ್ಕು ವರ್ಷದ ಪದವಿ ಓದಿದವರು ಶೇ. 75 ಅಂಕ ತೆಗೆದಿದ್ದರೆ ನೇರವಾಗಿ ಅರ್ಜಿ ಹಾಕಬಹುದು. ಎಂ.ಫಿಲ್. ಮುಗಿದ ಕಥೆ, ಅದನ್ನು ಈಗ ಯಾರಾದರೂ ಕೊಡುತ್ತೇವೆ ಎಂದರೆ ಹತ್ತಿರ ಹೋಗದಿರುವುದೇ ಲೇಸು.

2024ರ ಜೂನ್ ಸುತ್ತಿನಿಂದ ಯುಜಿಸಿ-ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕವರು, ಸಹಾಯಕ ಪ್ರಾಧ್ಯಾಪಕರ ಅರ್ಹತೆಯ ಜತೆ ಪಿಎಚ್‌.ಡಿ. ಅರ್ಹತೆ ಪಡೆದವರು, ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರು. ಜೆಆರ್‌ಎಫ್‌ನವರಿಗೆ ಸಂದರ್ಶನ ಸಾಕು. ಉಳಿದ ಎರಡು ಬಗೆಯವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಸ್ವಂತ ಪ್ರವೇಶ ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯಗಳಿಗೆ ಅವಕಾಶ ಇದೆ. ಅಂಥ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದವು, ಅರ್ಧ ವಿಷಯದವು. ಎಂ.ಎ.ಯಲ್ಲಿ ರ‍್ಯಾಂಕ್ ಬಂದವರೂ ಸಂಶೋಧನಾ ವಿಧಾನವನ್ನು ಓದದೆ ಹೋಗಿ ಇಲ್ಲಿ ಮುಗ್ಗರಿಸುತ್ತಾರೆ.

ಕೆ-ಸೆಟ್ ಪಾಸಾದವರಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆ ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ನೆಟ್‌ನಲ್ಲಿ ಭಾಷಾ ವಿಷಯ ಬಿಟ್ಟರೆ ಉಳಿದೆಲ್ಲ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸುರಪುರದ ಸರ್ಕಾರಿ ಶಾಲೆಯಿಂದ ಎಂ.ಎ. ತನಕ ಕನ್ನಡದಲ್ಲೇ ಸಮಾಜಶಾಸ್ತ್ರ ಓದಿದವರಿಗೆ ಇದು ಅನ್ಯಾಯವೇ. ನಿಯಮ ಬದಲಾಗುವವರೆಗೆ ಕಾಯುವುದಕ್ಕಿಂತ ಹಳೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡವರು ದಡ ಮುಟ್ಟಿದ್ದಾರೆ.

ಪ್ರವೇಶದ ಅಧಿಸೂಚನೆ ಬಂದ ಮೇಲೆ ದಾಖಲೆಗಾಗಿ ಓಡಾಡುವುದು ಇನ್ನೊಂದು ಹಳೆಯ ಚಾಳಿ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ರಾಜ್ಯ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸ್ಥಳೀಯ ಮೀಸಲಾತಿ ಇದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿ ಕೊಡುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಜತೆ ಇದನ್ನೂ ಮೊದಲೇ ಮಾಡಿಸಿಟ್ಟುಕೊಂಡರೆ ಕೊನೆಯ ವಾರದಲ್ಲಿ ಯಾದಗಿರಿ, ಕಲಬುರಗಿ ನಡುವೆ ಬಸ್ಸಿನಲ್ಲಿ ಕಳೆಯುವ ದಿನಗಳು ಉಳಿಯುತ್ತವೆ.

ಗೈಡ್ ಎಂಬ ಗಣಿತ

ಸಂಶೋಧನಾರ್ಥಿಗಳ ಹರಟೆಯಲ್ಲಿ ಮೊದಲ ಪ್ರಶ್ನೆ ‘ಗೈಡ್ ಸಿಕ್ರಾ?’ ಎಂಬುದೇ. ಇದರ ಹಿಂದೆ ಸರಳ ಲೆಕ್ಕವಿದೆ. ಒಬ್ಬ ಪ್ರಾಧ್ಯಾಪಕರು ಒಂದು ಸಮಯದಲ್ಲಿ ಹೆಚ್ಚೆಂದರೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಅವರು ಕಾಯಂ ಅಧ್ಯಾಪಕರಾಗಿರಬೇಕು. ಅತಿಥಿ ಉಪನ್ಯಾಸಕರು ಎಷ್ಟೇ ವಿದ್ವಾಂಸರಾದರೂ ಮಾರ್ಗದರ್ಶಕರಾಗುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಒಂದು ವಿಭಾಗದಲ್ಲಿ ಒಬ್ಬ ಪ್ರಾಧ್ಯಾಪಕರು, ಇಬ್ಬರು ಸಹಾಯಕ ಪ್ರಾಧ್ಯಾಪಕರು ಇದ್ದಾರೆಂದರೆ ಒಟ್ಟು 16 ಜಾಗ. ಅದು ಪ್ರತಿ ವರ್ಷದ ಸಂಖ್ಯೆಯಲ್ಲ. ಹಿಂದಿನ ಸಾಲಿನವರು ಮುಗಿಸಿ ಹೋದಷ್ಟೇ ಖಾಲಿಯಾಗುತ್ತದೆ. ಅಧ್ಯಾಪಕ ಹುದ್ದೆಗಳು ಭರ್ತಿಯಾಗದ ವಿಭಾಗಗಳಲ್ಲಿ ಈ ಸಂಖ್ಯೆ ಇನ್ನೂ ಇಳಿಯುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮೊದಲು ವಿಭಾಗದಲ್ಲಿ ಯಾರಿದ್ದಾರೆ, ಅವರ ಬಳಿ ಎಷ್ಟು ಜಾಗ ಖಾಲಿ ಇದೆ, ಅವರು ಇತ್ತೀಚೆಗೆ ಏನು ಬರೆದಿದ್ದಾರೆ ಎಂದು ನೋಡಬೇಕು. ಗುರುತಿನವರ ಶಿಫಾರಸು ಹಿಡಿದು ಬಾಗಿಲು ತಟ್ಟುವುದಕ್ಕಿಂತ ಅವರ ಒಂದು ಲೇಖನ ಓದಿ, ಎರಡು ಪುಟದ ಸಂಶೋಧನಾ ಪ್ರಸ್ತಾವ ಹಿಡಿದು ಹೋಗುವುದು ಮೇಲು. ಹೆಚ್ಚಿನವರು ಶಿಫಾರಸನ್ನೇ ಹುಡುಕುತ್ತಾರೆ. ಪ್ರಸ್ತಾವ ತಂದವರು ಅಧ್ಯಾಪಕರ ನೆನಪಿನಲ್ಲಿ ಉಳಿಯುತ್ತಾರೆ.

ವೇಳೆಯ ಲೆಕ್ಕವೂ ಬೇಕು. ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ ಹೆಚ್ಚು ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ ಎರಡು ವರ್ಷ, ಒಟ್ಟು ಹತ್ತು ವರ್ಷ ಮೀರದಂತೆ. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ. ಮದುವೆಯಾಯಿತು, ಮಗುವಾಯಿತು ಎಂದು ನಡುವೆ ಕೈಬಿಟ್ಟ ಹೆಣ್ಣುಮಕ್ಕಳಿಗೆ ಈ ಸವಲತ್ತು ಇದೆಯೆಂದು ಸಕಾಲಕ್ಕೆ ಯಾರೂ ಹೇಳದಿರುವುದು ಬೇಸರದ ಸಂಗತಿ. ವಿಭಾಗದ ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಾದ ಸಾಲು ಇದು.

ಶಾಲಾ ಶಿಕ್ಷಕರು, ಪಿಯು ಉಪನ್ಯಾಸಕರು ಅರೆಕಾಲಿಕ ಪಿಎಚ್‌.ಡಿ. ಮಾಡಬಹುದು. ಕೆಲಸ ಕೊಟ್ಟ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಾಕಷ್ಟು ಸಮಯ ಕೊಡುತ್ತೇವೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂಬ ಮಾತು ಅದರಲ್ಲಿರಬೇಕು. ಆ ಸಾಲುಗಳಿಲ್ಲದ ಪತ್ರ ವಿಶ್ವವಿದ್ಯಾಲಯದಿಂದ ವಾಪಸ್ ಬರುತ್ತದೆ.

ಹಣ ಎಲ್ಲಿಂದ

ಜೆಆರ್‌ಎಫ್ ಈಗ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆಗಿ ₹42,000. 2023ರ ಜನವರಿ 1ರಿಂದ ಈ ದರ. ಮನೆ ಬಾಡಿಗೆ ಭತ್ಯೆ, ವರ್ಷದ ಸಾದಿಲ್ವಾರು ಅನುದಾನ ಬೇರೆ. ವಯೋಮಿತಿ 30; ಮಹಿಳೆಯರು, ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಯಾದಗಿರಿಯಲ್ಲಿ ಸಾಲ ಮಾಡಿ ಎಂ.ಎ. ಓದಿಸಿದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಜೆಆರ್‌ಎಫ್ ತಪ್ಪಿದರೆ ಬಾಗಿಲು ಮುಚ್ಚಿತೆಂದಲ್ಲ. ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗದ ರಾಷ್ಟ್ರೀಯ ಫೆಲೋಶಿಪ್‌ಗಳಿಗೆ ಆಯ್ಕೆ ನಡೆಯುವುದು ನೆಟ್ ಫಲಿತಾಂಶದ ಆಧಾರದ ಮೇಲೆಯೇ. ಆದ್ದರಿಂದ ನೆಟ್ ಅರ್ಜಿ ತುಂಬುವಾಗ ವರ್ಗದ ಕಾಲಮ್ ತಪ್ಪಬಾರದು. ತಾಂಡಾಗಳ ಲಂಬಾಣಿ ಯುವಕರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಲ್ಲಿ ಬರುವುದರಿಂದ ಇದು ಅವರಿಗೂ ಸಲ್ಲುತ್ತದೆ. ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಫೆಲೋಶಿಪ್ ಕೊಡುತ್ತದೆ. ಅದಕ್ಕೆ ಸ್ನಾತಕೋತ್ತರ ಅಂಕವೇ ಆಧಾರ, ಪಿಎಚ್‌.ಡಿ. ನೋಂದಣಿ ಆಗಿರಬೇಕು. ನಾಯಕ ಸಮುದಾಯದವರು ಹೆಚ್ಚಿರುವ ಸುರಪುರ ತಾಲ್ಲೂಕಿನಲ್ಲಿ ಈ ಯೋಜನೆಯ ಹೆಸರು ಮನೆಮನೆಗೂ ಗೊತ್ತಿರಬೇಕಿತ್ತು. ಸಮಾಜ ವಿಜ್ಞಾನದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಡಾಕ್ಟರಲ್ ಫೆಲೋಶಿಪ್ ತಿಂಗಳಿಗೆ ₹20,000. ಇತಿಹಾಸದವರಿಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಬೇರೆ ಕರೆ ಕೊಡುತ್ತದೆ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಪೂರ್ಣಾವಧಿ ಸಂಶೋಧನಾರ್ಥಿಗಳಿಂದ ಅರ್ಜಿ ಕರೆಯುತ್ತವೆ.

ಒಂದು ಎಚ್ಚರಿಕೆ. ಫೆಲೋಶಿಪ್ ಮಂಜೂರಾದ ತಿಂಗಳೇ ಖಾತೆಗೆ ಬೀಳುವುದಿಲ್ಲ. ಹಾಜರಿ, ಪ್ರಗತಿ ವರದಿ, ಗೈಡ್ ಸಹಿ, ಕುಲಸಚಿವರ ಕಚೇರಿ ದಾಟಿ ಬರುವಾಗ ತಿಂಗಳುಗಳು ಉರುಳುತ್ತವೆ. ಮೊದಲ ಆರು ತಿಂಗಳಿಗೆ ಕೈಯಲ್ಲಿ ಏನಾದರೂ ಇಟ್ಟುಕೊಂಡೇ ಊರು ಬಿಡಬೇಕು. ಪ್ರತಿ ಸಲ್ಲಿಕೆಗೂ ಸ್ವೀಕೃತಿ ಪಡೆದು ಒಂದು ಫೈಲಿನಲ್ಲಿ ಸೇರಿಸಿಡುವುದು ಚಿಲ್ಲರೆ ಕೆಲಸದಂತೆ ಕಂಡರೂ ಬಾಕಿ ಕೇಳುವಾಗ ಅದೇ ಆಧಾರ.

ಕಾಲ ಕೆಳಗಿನ ವಿಷಯ

ಇಂಥ ಲೇಖಕರ ಕೃತಿಗಳು, ಇಂಥ ಜಿಲ್ಲೆಯ ಬ್ಯಾಂಕುಗಳು. ಮುಂದೆ ‘ಒಂದು ಅಧ್ಯಯನ’ ಎಂಬ ಬಾಲ. ಇಂಥ ಶೀರ್ಷಿಕೆಗಳು ಗ್ರಂಥಾಲಯದ ಕಪಾಟು ತುಂಬಿವೆ. ವಿಷಯದಲ್ಲಿ ಪ್ರಶ್ನೆ ಇಲ್ಲದಿದ್ದರೆ ಆರು ವರ್ಷ ತುಂಬಾ ಉದ್ದ.

ಶಹಾಪುರ ತಾಲ್ಲೂಕಿನ ಗೋಗಿಯನ್ನೇ ತೆಗೆದುಕೊಳ್ಳೋಣ. ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್‌ ಶಾಹನ ಸಮಾಧಿ ಇರುವುದು ಇಲ್ಲಿನ ದರ್ಗಾದ ಆವರಣದಲ್ಲಿ. ಅದೇ ಗೋಗಿಯ ನೆಲದಡಿ ಯುರೇನಿಯಂ ಅದಿರಿದೆ. ಪರಮಾಣು ಖನಿಜ ನಿರ್ದೇಶನಾಲಯ ಅಲ್ಲಿ ಅನ್ವೇಷಣೆ ನಡೆಸಿದೆ, ಗಣಿಗಾರಿಕೆಗೆ ಊರವರು ವಿರೋಧ ತೋರಿದ್ದಾರೆ. ಇತಿಹಾಸ, ಭೂವಿಜ್ಞಾನ, ಸಮಾಜಶಾಸ್ತ್ರ: ಮೂರು ವಿಭಾಗಗಳ ಮೂವರು ಸಂಶೋಧನಾರ್ಥಿಗಳಿಗೆ ಒಂದೇ ಊರು ಸಾಕು. ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾದದ್ದು, ಜೌಳು, ಸವಳು, ಕೂಲಿಯ ವಲಸೆ ಇವೆಲ್ಲ ಕೃಷಿ ಮತ್ತು ಅರ್ಥಶಾಸ್ತ್ರದವರ ಮುಂದೆ ಬಿದ್ದಿವೆ. ವಚನಕಾರ ದೇವರ ದಾಸಿಮಯ್ಯನ ಮುದನೂರು, ಕೆಂಭಾವಿ ಭೋಗಣ್ಣನ ಕೆಂಭಾವಿ, ತಿಂಥಣಿಯ ಮೌನೇಶ್ವರ ಪರಂಪರೆ, ಸುರಪುರ ಶೈಲಿಯ ಚಿತ್ರಕಲೆ. ಕನ್ನಡ ವಿಭಾಗದವರು ಬಲ್ಲ ಹೆಸರುಗಳೇ. ಆದರೆ ಹಾಡಿಕೆಯ ದನಿಮುದ್ರಣ, ಹಸ್ತಪ್ರತಿಯ ಪಾಠಾಂತರ, ಜಾತ್ರೆಯ ಆರ್ಥಿಕತೆಯಂಥ ಕಡೆಯಿಂದ ನೋಡಿದರೆ ಹೊಸ ಕೆಲಸ ಬಹಳ ಉಳಿದಿದೆ. ಸ್ಥಳೀಯರಿಗೆ ಇಲ್ಲಿ ಒಂದು ಅನುಕೂಲ ಇದ್ದೇ ಇದೆ: ಪುಣೆಯಿಂದ ಬಂದವರು ಕಲಿಯಬೇಕಾದ ಆಡುಮಾತು ಅವರಿಗೆ ಮನೆಮಾತು.

ಆಕರ ಹುಡುಕುವಾಗ ಎರಡು ತೊಡಕು ಎದುರಾಗುತ್ತವೆ. ಹಳೆಯ ಬರಹಗಳಲ್ಲಿ ಸುರಪುರ ಎಲ್ಲೂ ಸುರಪುರವಾಗಿಲ್ಲ. ಸೋರಾಪುರ್, ಶೋರಾಪುರ್, ಪಕ್ಕದ ವಾಗಣಗೇರಿಗೆ ವಾಕಿನ್‌ಖೇಡಾ ಹೀಗೆಲ್ಲ ಇದೆ. ಇಂಗ್ಲಿಷಿನ ಎಲ್ಲ ಕಾಗುಣಿತಗಳನ್ನೂ ಹಾಕಿ ಹುಡುಕಬೇಕು. ಇನ್ನೊಂದು, ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ ಕೊನೆಗೆ. ಅದಕ್ಕೂ ಹಿಂದಿನ ಅಂಕಿಅಂಶವೆಲ್ಲ ಗುಲಬರ್ಗಾ ಜಿಲ್ಲೆಯ ಲೆಕ್ಕದಲ್ಲಿದೆ. ಹಳೆಯದನ್ನೂ ಹೊಸದನ್ನೂ ಹೋಲಿಸಬೇಕಾದರೆ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಹಳೆಯ ತಾಲ್ಲೂಕುಗಳ ಮಟ್ಟಕ್ಕೆ ಇಳಿಯಬೇಕು. ಗುರುಮಠಕಲ್, ವಡಗೇರಾ, ಹುಣಸಗಿ ಅವುಗಳಿಂದಲೇ ಒಡೆದ ತಾಲ್ಲೂಕುಗಳು. 1948ರವರೆಗೆ ಇದು ನಿಜಾಮರ ರಾಜ್ಯವಾಗಿದ್ದುದರಿಂದ ಆಡಳಿತದ ಕಾಗದಗಳಿಗೆ ಬೆಂಗಳೂರಿಗಿಂತ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ಪತ್ರಾಗಾರಕ್ಕೆ ಹೋಗುವುದು ಸರಿ. ಅಲ್ಲಿ ಪರ್ಷಿಯನ್, ಉರ್ದು ಬೇಕು. ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುವವರು ಕೋರ್ಸ್‌ವರ್ಕ್ ವರ್ಷದಲ್ಲೇ ಉರ್ದು ಲಿಪಿ ಕಲಿತರೆ, ಅದನ್ನು ಕಲಿಯದ ಹತ್ತು ಜನರಿಗಿಂತ ಮುಂದಿರುತ್ತಾರೆ.

ಶಾಸನದವರಿಗೆ ಸುರಪುರ ತಾಲ್ಲೂಕಿನ ಏವೂರು ಒಂದು ಪಾಠ. ಕಲ್ಯಾಣ ಚಾಲುಕ್ಯರ ವಂಶಾವಳಿಗೆ ಆಧಾರವಾದ ಆರನೇ ವಿಕ್ರಮಾದಿತ್ಯನ ಕಾಲದ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 12ನೇ ಸಂಪುಟದಲ್ಲಿ ಎಲ್.ಡಿ. ಬಾರ್ನೆಟ್ ಸಂಪಾದಿಸಿದ್ದಾರೆ. ಆ ಸಂಪುಟಗಳೂ ಮೆಡೋಸ್ ಟೇಲರ್‌ನ ಆತ್ಮಕಥೆಯೂ ಅಂತರಜಾಲದಲ್ಲಿ ಉಚಿತ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿವೆ. ವಿಷಯ ಅಂತಿಮವಾಗುವ ಮೊದಲು ಅಲ್ಲಿ ಒಂದು ವಾರ ಕಳೆಯುವುದು ಅಗತ್ಯ. ಬೇರೆಯವರು ಮುಗಿಸಿದ ಕೆಲಸವನ್ನೇ ಸಿನಾಪ್ಸಿಸ್ ಆಗಿ ಕೊಟ್ಟು ಪೆಚ್ಚಾಗುವುದು ತಪ್ಪುತ್ತದೆ. ದುಬಾರಿ ವಿದೇಶಿ ಪತ್ರಿಕೆಗಳಿಗಾಗಿ 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಸಿಗುತ್ತವೆ. ಲಾಗಿನ್ ಕೊಡುವುದು ವಿಶ್ವವಿದ್ಯಾಲಯದ ಗ್ರಂಥಪಾಲಕರು, ಕೇಳಿ ಪಡೆಯಬೇಕು.

ಪುರಾತತ್ವದವರಿಗೆ ಒಂದು ಕಾನೂನಿನ ಮಾತು. ವಿಭೂತಿಹಳ್ಳಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ನೆಲೆ. ಅಂಥಲ್ಲಿ ಅಗೆಯುವುದಿರಲಿ, ವಸ್ತುಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುವುದೂ ಅನುಮತಿ ಇಲ್ಲದೆ ಅಪರಾಧ. ಫೋಟೊ, ಅಳತೆ, ಜಿಪಿಎಸ್ ಗುರುತು ಇಷ್ಟರಲ್ಲೇ ಮೊದಲ ವರ್ಷದ ಕೆಲಸ ಸಾಗುತ್ತದೆ.

ಬರೆಯುವ ಹೊತ್ತು

ಮಹಾಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದು, ಬರೆಯುವವರು ಬಹಳ ಇದ್ದಾರೆ. ಆದರೆ ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿದ ಪ್ರಬಂಧ ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶಕ್ಕೆ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ, ಶೋಧಗಂಗಾದಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಮೊದಲ ಅಧ್ಯಾಯದಿಂದಲೇ ಯೂನಿಕೋಡ್‌ನಲ್ಲಿ ಬರೆಯಬೇಕು. ಡಿಟಿಪಿ ಅಂಗಡಿಗೆ ಕೊಡುವುದಾದರೆ ಇದನ್ನು ಮೊದಲೇ ಹೇಳಬೇಕು, ಕೊನೆಯ ತಿಂಗಳಲ್ಲಿ 300 ಪುಟ ಪರಿವರ್ತಿಸಿ ಒತ್ತಕ್ಷರ ತಿದ್ದುತ್ತ ಕೂರುವ ಫಜೀತಿ ಬೇಡ.

2018ರ ಯುಜಿಸಿ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಸಲ್ಲಿಕೆಗೆ ಮುಂಚೆ ಪ್ರಕಟಿತ ಲೇಖನ ಕಡ್ಡಾಯ ಎಂಬ ಷರತ್ತು 2022ರ ನಿಯಮದಲ್ಲಿ ಇಲ್ಲ. ಯುಜಿಸಿ ತನ್ನ ಕೇರ್ ಪತ್ರಿಕೆಗಳ ಪಟ್ಟಿಯನ್ನೂ ಕೈಬಿಟ್ಟಿದೆ. ಹಾಗಾಗಿ ‘ಎರಡು ಸಾವಿರ ಕೊಡಿ, ವಾರದಲ್ಲಿ ಪೇಪರ್ ಹಾಕ್ತೀವಿ’ ಎನ್ನುವ ಪತ್ರಿಕೆಗಳಿಗೆ ಹಣ ಸುರಿಯುವ ದರ್ದು ಯಾರಿಗೂ ಇಲ್ಲ. ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿದ್ದರೆ ಆ ಸುತ್ತೋಲೆಯ ಪ್ರತಿ ಕೇಳಿ ಇಟ್ಟುಕೊಳ್ಳಬೇಕು.

ಸಲ್ಲಿಕೆಯ ಮೊದಲು ವಿಭಾಗದ ಎದುರು ಮಂಡನೆ ಇರುತ್ತದೆ. ಆಮೇಲೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರ ವರದಿ, ಮುಕ್ತ ಮೌಖಿಕ ಪರೀಕ್ಷೆ. ಎಲ್ಲ ಸೇರಿ ಸಲ್ಲಿಸಿದ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮ ಹೇಳುತ್ತದೆ. ಗಡುವು ದಾಟಿದರೆ ಪರೀಕ್ಷಾ ವಿಭಾಗಕ್ಕೆ ಲಿಖಿತವಾಗಿ ವಿಚಾರಿಸಬಹುದು. ವೈವಾ ಮುಗಿದ ಮೇಲೆ ಪ್ರಬಂಧದ ವಿದ್ಯುನ್ಮಾನ ಪ್ರತಿ ಶೋಧಗಂಗಾಕ್ಕೆ ಸೇರಬೇಕು. ತಾತ್ಕಾಲಿಕ ಪ್ರಮಾಣಪತ್ರ ಕೈಗೆ ಬಂದಾಗ, ಪದವಿಯನ್ನು ಯುಜಿಸಿ ನಿಯಮಾವಳಿಯಂತೆ ಕೊಡಲಾಗಿದೆ ಎಂಬ ಸಾಲು ಅದರಲ್ಲಿ ಇದೆಯೇ ಎಂದು ಕೌಂಟರಿನಲ್ಲೇ ಓದಿ ನೋಡಬೇಕು. ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಮೊದಲು ಕೇಳುವುದು ಅದನ್ನೇ.